ಹಳೆಯ ಸೇತುವೆಯನ್ನು ಕೆಡಹುವ ಮುನ್ನ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸೇತುವೆಯ ಮಾತೇಕೆ, ಅದು ಇಂಜಿನಿಯರರ ವಿಷಯವಲ್ಲವೆ ಎಂದು ಕೆಲವರಿಗೆ ತೋರಬಹುದು. ಸೇತುವೆಯನ್ನು ಕಟ್ಟುವುದು ಇಂಜಿನಿಯರರ ಕೆಲಸವೆಂಬುದು ನಿಜ. ಆದರೆ ಅದನ್ನು ದಿನವೂ ದಾಟತಕ್ಕವರು ನಾವು. ತೆರಿಗೆಯ ರೂಪದಲ್ಲಿ ಅದಕ್ಕೆ ಹಣ ಕೊಡತಕ್ಕವರೂ ನಾವೇ. ಹೀಗಿರಲು ಹಳೆಯ ಸೇತುವೆಯೊಂದನ್ನು ತೆಗೆದು ಹೊಸದನ್ನು ಕಟ್ಟುವ ಸಮಯ ಬಂದಾಗ ನಾವು ಯಾವಾಗ, ಯಾರೊಡನೆ, ಯಾವ ಕ್ರಮದಲ್ಲಿ ಮಾತನಾಡಬೇಕು ಎಂಬುದು ಪೌರಧರ್ಮದ ಒಂದು ಪಾಠವೇ ಆಗಿದೆ. ಆ ಪಾಠವನ್ನು ಆದಷ್ಟು ಸರಳವಾಗಿ ಇಲ್ಲಿ ಹೇಳಲು ಯತ್ನಿಸುತ್ತೇವೆ.

ಕನಕಪುರದಿಂದ ದೊಡ್ಡಆಲಹಳ್ಳಿಯ ಮಾರ್ಗವಾಗಿ ತೆಂಕಲಿಗೆ ಹೋದರೆ ಸಂಗಮವು ಸಿಕ್ಕುತ್ತದೆ. ಅಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುತ್ತದೆ. ಮುಂದಿನ ಮೇಕೆದಾಟಿನಲ್ಲಿ ಮೇಕೆಯೊಂದು ಕಿರಿದಾದ ಕಮರಿಯನ್ನು ಹಾರಿತೆಂಬ ಕತೆಯನ್ನು ಈ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಮೇಕೆಗೆ ಒಂದು ನೆಗೆತ ಸಾಕಾಯಿತು. ಪುಸ್ತಕದ ಚೀಲ ಹೊತ್ತ ಹುಡುಗಿಗೆ, ರೇಷ್ಮೆಗೂಡನ್ನು ಮಾರುಕಟ್ಟೆಗೆ ಒಯ್ಯುವ ರೈತನಿಗೆ, ಹೆರಿಗೆಗೆಂದು ಆಸ್ಪತ್ರೆಗೆ ಹೊರಟ ಹೆಂಗಸಿಗೆ ಸೇತುವೆಯೇ ಬೇಕು. ಅದು ಒಂದು ಮಳೆಗಾಲ ಇಲ್ಲವಾದರೆ ಏನು ನಷ್ಟವೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಹಾಜರಿ ಪುಸ್ತಕದಲ್ಲಿ ಓದಿಕೊಳ್ಳುತ್ತೇವೆ. ದಾರಿ ದೂರವಾದರೆ ಹುಡುಗನಿಗೆ ಸೈಕಲ್ಲು ದೊರೆಯುತ್ತದೆ. ಹುಡುಗಿಗೆ ಮನೆಯಲ್ಲಿರು ಎಂಬ ಮಾತು ದೊರೆಯುತ್ತದೆ. ಹಾಗೆ ನಿಂತವಳು ಮರಳಿ ತರಗತಿಗೆ ಬರುವುದು ಕಷ್ಟ. ಈ ನಷ್ಟವು ಯಾವ ಅಂದಾಜುಪಟ್ಟಿಯಲ್ಲಿಯೂ ತಾನಾಗಿ ಬರುವುದಿಲ್ಲ. ಯಾರಾದರೂ ಎದ್ದು ನಿಂತು ಹೇಳಿದರೆ ಮಾತ್ರ ಬರುತ್ತದೆ.

ಮೊದಲು ಸೇತುವೆಗಳು ಏತಕ್ಕೆ ಹಳೆಯದಾಗುತ್ತವೆ ಎಂಬುದನ್ನು ತಿಳಿಯೋಣ. ಪ್ರವಾಹವು ಕಂಬಗಳ ಬುಡದಲ್ಲಿರುವ ಮಣ್ಣು ಮರಳುಗಳನ್ನು ತೋಡಿ ಒಯ್ಯುತ್ತದೆ. ಸೇತುವೆಯ ಸಮೀಪದಲ್ಲಿ ಮರಳನ್ನು ಅಗೆದರೆ ಈ ಅಪಾಯವು ಹೆಚ್ಚುತ್ತದೆ. ಕಾಂಕ್ರೀಟಿನ ಬಿರುಕುಗಳೊಳಕ್ಕೆ ನೀರಿಳಿದಾಗ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಸರಳು ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತದೆ. ಸಮುದ್ರತೀರದ ಉಪ್ಪುಗಾಳಿಯಲ್ಲಿ ಈ ಕಾರ್ಯವು ಇನ್ನೂ ಬೇಗನೆ ನಡೆಯುತ್ತದೆ. ಎತ್ತಿನ ಗಾಡಿಗಳ ಕಾಲದಲ್ಲಿ ಕಟ್ಟಿದ ಸೇತುವೆಯ ಮೇಲೆ ಕಲ್ಲು ತುಂಬಿದ ಲಾರಿಗಳು ಓಡಾಡಿದರೆ ಅದರ ಆಯುಸ್ಸು ಕುಗ್ಗುವುದು ಸಹಜವೇ ಸರಿ.

ಈ ವಿಷಯಗಳನ್ನು ಅಳೆದು ಹೇಳಬಲ್ಲವರು ಇಂಜಿನಿಯರರು. ಅವರ ಶಾಸ್ತ್ರಜ್ಞಾನಕ್ಕೆ ನಾವು ಗೌರವ ಕೊಡತಕ್ಕದ್ದು. ಆದರೆ ಊರಿನವರು ಮಾತ್ರ ಬಲ್ಲ ಕೆಲವು ಸಂಗತಿಗಳೂ ಉಂಟು. ಹಿಂದಿನ ದೊಡ್ಡ ಪ್ರವಾಹದಲ್ಲಿ ನೀರು ಯಾವ ಕಲ್ಲಿನವರೆಗೆ ಏರಿತ್ತು? ಸಂತೆಯ ದಿನ ಎಷ್ಟು ಗಾಡಿ ದಾಟುತ್ತವೆ? ಮುಂಜಾನೆ ಮಬ್ಬಿನಲ್ಲಿ ನಡೆದು ಹೋಗುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳೆಷ್ಟು? ದನಕರುಗಳು ನೀರಿಗಿಳಿಯುವ ದಾರಿ ಯಾವುದು? ಇವುಗಳ ಉತ್ತರವು ನಕ್ಷೆಯಲ್ಲಿ ಇರುವುದಿಲ್ಲ. ಶಾಸ್ತ್ರಜ್ಞಾನವೂ ಊರಿನ ತಿಳಿವಳಿಕೆಯೂ ಒಂದೆಡೆ ಕೂಡಿದಾಗಲೇ ಒಳ್ಳೆಯ ಸೇತುವೆಯು ಆಗುವುದು. ಈ ಕೂಡುವಿಕೆಯು ಕೆಲಸಕ್ಕೆ ಮೊದಲೇ ಆಗಬೇಕೆಂಬುದೇ ನಾವು ಈ ಪಾಠದಲ್ಲಿ ಒತ್ತಿ ಹೇಳಬೇಕೆಂದಿರುವ ಮಾತು.

ಇನ್ನು ನಮ್ಮ ನಾಡಿನಲ್ಲಿಯೇ ನಡೆದ ಮೂರು ಸಂಗತಿಗಳನ್ನು ನೋಡೋಣ.

ಸಂಗಮಕ್ಕಿಂತ ಮೇಲೆ, ಕಾವೇರಿಯ ಮೇಲಣ ಶಿವನಸಮುದ್ರದಲ್ಲಿ ಕಲ್ಲುಕಂಬಗಳ ಹಳೆಯ ಸೇತುವೆಗಳಿವೆ. ಪಾಳುಬಿದ್ದಿದ್ದ ಆ ಸ್ಥಳಕ್ಕೆ ಹೋಗಿಬರಲು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವುಗಳನ್ನು ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರರು. ಅದಕ್ಕಾಗಿ ಅವರಿಗೆ ಜನೋಪಕಾರ ಕಾಮಕರ್ತ ಎಂಬ ಬಿರುದೂ ಜಹಗೀರಿಯೂ ದೊರೆತುವು. ಅದಕ್ಕೂ ಮುಂಚೆ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು ಕಲ್ಲಿನ ಸೇತುವೆಯನ್ನು ಕಟ್ಟಿಸಿದ್ದರು. ಶಿವನಸಮುದ್ರದಲ್ಲಿ ವಾಹನಗಳಿಗೆಂದು ಬೇರೆ ಸೇತುವೆಯಾದ ಮೇಲೆ ಹಳೆಯದು ಹಾಗೆಯೇ ನಿಂತಿತ್ತು. 2018ರ ಪ್ರವಾಹದಲ್ಲಿ ಅದರ ಒಂದು ಭಾಗವು ಕೊಚ್ಚಿಹೋಯಿತು. ಇದರಿಂದ ನಾವು ಕಲಿಯತಕ್ಕದ್ದು ಇಷ್ಟು. ಹೊಸ ಸೇತುವೆ ಬೇಕೆಂದ ಮಾತ್ರಕ್ಕೆ ಹಳೆಯದನ್ನು ಕೆಡಹಲೇಬೇಕೆಂಬ ನಿಯಮವಿಲ್ಲ. ಅದನ್ನು ಬಲಪಡಿಸಬಹುದು, ನಡೆಯುವವರಿಗೆ ಬಿಡಬಹುದು, ಸ್ಮಾರಕವಾಗಿ ಕಾಪಾಡಬಹುದು, ಇಲ್ಲವೆ ತೆಗೆದುಹಾಕಬಹುದು. ಆದರೆ ಈ ನಾಲ್ಕರಲ್ಲಿ ಒಂದನ್ನು ತಿಳಿದು ಆರಿಸಬೇಕು, ಆರಿಸಿದ ಮೇಲೆ ಅದರ ಆರೈಕೆ ಯಾರದೆಂದು ಗೊತ್ತುಮಾಡಬೇಕು. ಯಾರೂ ಆರಿಸದಿದ್ದರೆ ಹೊಳೆಯೇ ಆರಿಸುತ್ತದೆ.

ಎರಡನೆಯದು ಕಾರವಾರದ ಕಾಳಿ ಸೇತುವೆ. ಕಾರವಾರವನ್ನೂ ಸದಾಶಿವಗಡವನ್ನೂ ಸೇರಿಸಿ ಗೋವೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿದ್ದ ಹಳೆಯ ಸೇತುವೆಗೆ ಸುಮಾರು 40 ವರ್ಷ ವಯಸ್ಸಾಗಿತ್ತು. ಹೆದ್ದಾರಿಯನ್ನು ಅಗಲಗೊಳಿಸುವಾಗ ಪಕ್ಕದಲ್ಲಿ ಹೊಸ ಸೇತುವೆಯೊಂದು ಆಯಿತು. ಹಳೆಯದನ್ನೂ ಸಂಚಾರಕ್ಕೆ ಉಳಿಸಿಕೊಂಡರು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಹಳೆಯ ಸೇತುವೆಯು ಕುಸಿದುಬಿದ್ದಿತು. ದಾಟುತ್ತಿದ್ದ ಲಾರಿಯೊಂದು ನದಿಯ ಪಾಲಾಯಿತು. ಮೀನುಗಾರರೂ ಪೊಲೀಸರೂ ಸೇರಿ ಅದರ ಚಾಲಕನನ್ನು ಬದುಕಿಸಿದರು. ಹಗಲಿನಲ್ಲಿ, ಶಾಲೆಯ ಹೊತ್ತಿನಲ್ಲಿ, ಹೀಗಾಗಿದ್ದರೆ ಎಂದು ನೆನೆದರೆ ಎದೆ ನಡುಗುತ್ತದೆ. ಪಕ್ಕದ ಹೊಸ ಸೇತುವೆಯನ್ನೂ ಪರೀಕ್ಷಿಸಿದ ಮೇಲೆಯೇ ಅದರ ಮೇಲೆ ಸಂಚಾರವನ್ನು ಬಿಟ್ಟರು. ಮೊಕದ್ದಮೆಯು ದಾಖಲಾಯಿತು, ವಿಚಾರಣೆಗಳು ತೊಡಗಿದುವು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಸ್ಥಾನಗಳ ಕೆಲಸ. ನಾವು ಆ ಮಾತಿಗೆ ಹೋಗುವುದಿಲ್ಲ. ಆದರೆ ಆ ಸೇತುವೆಯನ್ನು ಕಡೆಯದಾಗಿ ಪರೀಕ್ಷಿಸಿದ್ದು ಯಾವಾಗ, ಪರೀಕ್ಷೆಯಲ್ಲಿ ಏನು ಕಂಡಿತು ಎಂಬ ಎರಡು ಸಾಲನ್ನು ಸೇತುವೆಯ ಎರಡು ತುದಿಗಳಲ್ಲಿಯೂ ಬರೆದು ನಿಲ್ಲಿಸುವ ವಾಡಿಕೆ ನಮ್ಮ ನಾಡಿನಲ್ಲಿ ಇದ್ದಿದ್ದರೆ, ಈ ಪ್ರಶ್ನೆಗಳನ್ನು ಜನರು ಬೀಳುವ ಮುನ್ನವೇ ಕೇಳುತ್ತಿದ್ದರು. ಬಿದ್ದ ಮೇಲೆ ಕೊಡುವ ಲೆಕ್ಕವು ನ್ಯಾಯಕ್ಕೆ ಬೇಕು. ಬೀಳುವ ಮುನ್ನ ಕೊಡುವ ಲೆಕ್ಕವು ಪ್ರಾಣವನ್ನು ಉಳಿಸುತ್ತದೆ.

ಮೂರನೆಯದು ಆನೆಗೊಂದಿಯ ಕತೆ. ಇದು ಎಲ್ಲಕ್ಕಿಂತ ಹೆಚ್ಚು ದುಃಖಕರ. ತುಂಗಭದ್ರೆಯ ಒಂದು ದಡದಲ್ಲಿ ಹಂಪಿ, ಎದುರು ದಡದಲ್ಲಿ ಆನೆಗೊಂದಿ. ವಿಜಯನಗರದ ಕಾಲದ ಕಲ್ಲುಸೇತುವೆಯೊಂದರ ಕಂಬಗಳು ವಿಠ್ಠಲ ದೇವಾಲಯದ ಸಮೀಪದ ಹೊಳೆಯಲ್ಲಿ ಇಂದಿಗೂ ನಿಂತಿವೆ. ಆ ಸೇತುವೆ ಹಾಳಾದ ಬಳಿಕ ಅಲ್ಲಿಯ ಜನರು ತಲೆತಲಾಂತರದಿಂದ ಹರಿಗೋಲಿನಲ್ಲಿ ಹೊಳೆ ದಾಟಿದರು. 1990ರ ದಶಕದಲ್ಲಿ ತಳವಾರಘಟ್ಟದ ಬಳಿ ವಾಹನಗಳಿಗಾಗಿ ತೂಗುಸೇತುವೆಯ ಕೆಲಸವು ತೊಡಗಿತು. ವಿರೂಪಾಪುರಗಡ್ಡೆಗೆ ನಡೆಯುವವರಿಗಾಗಿ ಇನ್ನೊಂದು. ಹಂಪಿಯು 1986ರಲ್ಲಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ಈ ಸೇತುವೆಗಳಿಂದಲೂ ಅವು ತರುವ ವಾಹನಗಳಿಂದಲೂ ಸ್ಮಾರಕಗಳಿಗೆ ಕೇಡುಂಟಾಗುವುದೆಂದು ಯುನೆಸ್ಕೋ ಸಂಸ್ಥೆಯವರು 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಸೇರಿಸಿದರು. ಅಷ್ಟು ಹೊತ್ತಿಗೆ ಹೊಳೆಯಲ್ಲಿ ಕಂಬಗಳು ಎದ್ದಿದ್ದುವು. ಕೆಲಸವು ನಿಂತಿತು, ವರ್ಷಗಳು ಕಳೆದುವು. 2006ರಲ್ಲಿ ಹಂಪಿಯು ಆ ಪಟ್ಟಿಯಿಂದ ಹೊರಬಂದಿತು. ಕಡೆಗೆ ಕೆಲಸವು ಮುಂದುವರಿದು ಇನ್ನೇನು ಮುಗಿಯಬೇಕೆನ್ನುವಾಗ, 2009ರ ಜನವರಿ 22ರಂದು, ಸೇತುವೆಯು ಕುಸಿದು ಕೆಲಸಗಾರರು ಪ್ರಾಣವನ್ನು ಕಳೆದುಕೊಂಡರು. ಮುಂದೆ ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ, ಸ್ಮಾರಕಗಳಿಂದ ದೂರದಲ್ಲಿ, ಸೇತುವೆಯಾಯಿತು.

ಇಲ್ಲಿ ಆನೆಗೊಂದಿಯವರ ಬೇಡಿಕೆಯೂ ನ್ಯಾಯವಾದುದೇ. ಹಂಪಿಯ ಕಲ್ಲುಗಳನ್ನು ಉಳಿಸಬೇಕೆಂದವರ ಮಾತೂ ನ್ಯಾಯವಾದುದೇ. ಎರಡು ನ್ಯಾಯಗಳು ಎದುರುಬದುರಾದಾಗ ಅವುಗಳನ್ನು ಒಂದೇ ಜಮಖಾನೆಯ ಮೇಲೆ ಕುಳ್ಳಿರಿಸಿ, ಸೇತುವೆ ಇಲ್ಲಿಯೋ ಇನ್ನೆರಡು ಮೈಲಿ ಆಚೆಯೋ ಎಂದು ಮೊದಲೇ ಕೇಳುವುದು ದೊಡ್ಡವರ ಕೆಲಸವಾಗಿತ್ತು. ಕಂಬ ಎದ್ದ ಮೇಲೆ ಎದ್ದ ಪ್ರಶ್ನೆಗೆ ಉತ್ತರವು ಬಹು ದುಬಾರಿಯಾಯಿತು. ಆ ವರ್ಷಗಳೆಲ್ಲ ಹೊಳೆ ದಾಟಿ ಹೋಗಬೇಕಾದ ಮಕ್ಕಳು ಹರಿಗೋಲಿನಲ್ಲಿಯೇ ಇದ್ದರು.

ತಡವಾಗಿ ಕೇಳುವ ಈ ದೋಷವು ನಮ್ಮ ದೇಶಕ್ಕೆ ಮಾತ್ರ ಅಂಟಿದುದಲ್ಲ. ಅಮೆರಿಕಾ ದೇಶದಲ್ಲಿ ಆರೆಗಾನ್, ವಾಷಿಂಗ್ಟನ್ ಎಂಬೆರಡು ಸಂಸ್ಥಾನಗಳ ನಡುವೆ ಹರಿಯುವ ಕೊಲಂಬಿಯಾ ನದಿಗೆ 1917ರಲ್ಲಿ ಒಂದು, 1958ರಲ್ಲಿ ಅದರ ಜೋಡಿಯಾಗಿ ಇನ್ನೊಂದು ಸೇತುವೆಯಾದುವು. ಅವುಗಳ ಬದಲಿಗೆ ಹೊಸದನ್ನು ಕಟ್ಟಲು ಮಾಡಿದ ಮೊದಲ ಯೋಜನೆಯಲ್ಲಿ ನೀರಿನಿಂದ 95 ಅಡಿ ಎತ್ತರವನ್ನು ಗೊತ್ತುಮಾಡಿದ್ದರು. ಹಡಗುಗಳ ಮೇಲ್ವಿಚಾರಣೆ ನಡೆಸುವ ಇಲಾಖೆಯವರು ಆ ಎತ್ತರ ಸಾಲದೆಂದರು. ಆಮೇಲೆ ನಕ್ಷೆಯನ್ನು 116 ಅಡಿಗೆ ತಿದ್ದಬೇಕಾಯಿತು. ಕೋಟಿಗಟ್ಟಲೆ ಡಾಲರು ಬರಿಯ ಯೋಜನೆಗೇ ವ್ಯಯವಾಗಿ, ಒಂದು ಸಂಸ್ಥಾನದ ಶಾಸನಸಭೆಯು ಹಣವನ್ನು ಕೊಡದೆ, 2014ರಲ್ಲಿ ಕೆಲಸವೇ ನಿಂತುಹೋಯಿತು. 2019ರಲ್ಲಿ ಎರಡು ಸಂಸ್ಥಾನಗಳೂ ಮತ್ತೆ ತೊಡಗಿದಾಗ ಊರಿನವರನ್ನು ಕೂಡಿಸಿ ಸಲಹಾ ಮಂಡಲಿಗಳನ್ನು ಏರ್ಪಡಿಸಿದರು. ಸಭೆಗಳನ್ನು ಬಹಿರಂಗವಾಗಿ ನಡೆಸಿದರು. 2022ರ ಕೊನೆಯಲ್ಲಿ 500 ಕೋಟಿಯಿಂದ 750 ಕೋಟಿ ಡಾಲರಿನವರೆಗೆ ಖರ್ಚಾಗಬಹುದೆಂದು ಅಂದಾಜನ್ನೂ ಪ್ರಕಟಿಸಿದರು. ಹೀಗೆ ಮಾಡಿದುದರಿಂದ ವಾದಗಳು ಮುಗಿಯಲಿಲ್ಲ. ಎತ್ತರದ ಮೇಲೂ ಖರ್ಚಿನ ಮೇಲೂ ವಾದವು ನಡೆಯುತ್ತಲೇ ಬಂದಿತು. ಆದರೆ ವಾದವು ಕಾಗದದ ಮೇಲೆ ಇರುವಾಗಲೇ ನಡೆಯುವುದು ಲೇಸು. ಕಾಗದವನ್ನು ಅಳಿಸಿ ಬರೆಯಬಹುದು. ಕಾಂಕ್ರೀಟನ್ನು ಹಾಗೆ ಮಾಡಲಾಗದು.

ಹಾಗಾದರೆ ಜನರನ್ನು ಕೇಳುವ ಕ್ರಮವು ಯಾವುದು? ನಮಗೆ ತೋರಿದಂತೆ ಐದು ಮೆಟ್ಟಿಲುಗಳುಂಟು. ಮೊದಲನೆಯದಾಗಿ, ಸುದ್ದಿಯು ಮುಂಚಿತವಾಗಿ ಬರಬೇಕು. ಟೆಂಡರು ಕರೆದ ಮೇಲೆ ಕರೆಯುವ ಸಭೆಯು ಸಭೆಯಲ್ಲ, ಅದು ಬರಿಯ ಸಮಾರಂಭ. ಎರಡನೆಯದಾಗಿ, ಸುದ್ದಿಯು ತಿಳಿಯುವ ಭಾಷೆಯಲ್ಲಿ ಇರಬೇಕು. ನೂರು ಪುಟದ ಇಂಗ್ಲಿಷ್ ವರದಿಯನ್ನು ಮೇಜಿನ ಮೇಲಿಟ್ಟರೆ ಅದು ತೆರೆದಿಟ್ಟಂತೆ ಆಗುವುದಿಲ್ಲ. ಮೂರನೆಯದಾಗಿ, ಒಂದಕ್ಕಿಂತ ಹೆಚ್ಚು ದಾರಿಗಳನ್ನು ಮುಂದಿಟ್ಟು, ಒಂದೊಂದರ ಖರ್ಚು, ಕಾಲ, ತೊಂದರೆಗಳನ್ನು ಹೇಳಬೇಕು. ನಾಲ್ಕನೆಯದಾಗಿ, ಜನರು ಹೇಳಿದುದನ್ನು ಬರೆದುಕೊಂಡು, ಒಪ್ಪಿದುದು ಯಾವುದು, ಒಪ್ಪದುದು ಯಾವುದು, ಏತಕ್ಕೆ ಎಂದು ಬರೆದೇ ಉತ್ತರ ಕೊಡಬೇಕು. ಐದನೆಯದಾಗಿ, ಕೆಲಸ ನಡೆಯುವಾಗಲೂ ಮುಗಿದ ಮೇಲೂ ಲೆಕ್ಕವನ್ನು ಒಪ್ಪಿಸುತ್ತ ಇರಬೇಕು. ಇವುಗಳಲ್ಲಿ ನಾಲ್ಕನೆಯದೇ ಹೆಚ್ಚಾಗಿ ತಪ್ಪಿಹೋಗುವುದು. ಕೇಳಿದವರಿಗೆ ಉತ್ತರ ಬಾರದಿದ್ದರೆ ಮುಂದಿನ ಸಭೆಗೆ ಅವರು ಬರುವುದಿಲ್ಲ. ಬರಲಿಲ್ಲವೆಂದು ಅವರನ್ನೇ ದೂರುವುದು ಆಮೇಲೆ ಸುಲಭವಾಗುತ್ತದೆ.

ಇವೆಲ್ಲ ಕೇವಲ ನಮ್ಮ ಆಸೆಗಳೆಂದು ಯಾರೂ ತಿಳಿಯಬಾರದು. ಕಾನೂನಿನ ಬೆಂಬಲವೂ ಉಂಟು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣದಂತೆ, ಜನರಿಗೆ ಸಂಬಂಧಪಟ್ಟ ಮುಖ್ಯ ತೀರ್ಮಾನಗಳನ್ನು ಮಾಡುವಾಗ ಸರ್ಕಾರದ ಕಚೇರಿಗಳು ಸಂಗತಿಗಳನ್ನು ತಾವಾಗಿಯೇ ಪ್ರಕಟಿಸಬೇಕು. ತೀರ್ಮಾನಕ್ಕೆ ಕಾರಣವನ್ನೂ ಬಾಧಿತರಿಗೆ ತಿಳಿಸಬೇಕು. ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಅದೇ ಅಧಿನಿಯಮದಂತೆ ಸಾಮಾನ್ಯ ಪ್ರಜೆಯೂ ನಡೆಯುತ್ತಿರುವ ಕೆಲಸವನ್ನು ಪರಿಶೀಲಿಸಬಹುದು, ಸಾಮಗ್ರಿಯ ದೃಢೀಕೃತ ನಮೂನೆಯನ್ನು ಕೇಳಿ ಪಡೆಯಬಹುದು ಎಂಬುದು ಬಹು ಮಂದಿಗೆ ತಿಳಿಯದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರುಗಳು ಮುಚ್ಚುಮರೆಯಿಲ್ಲದೆ ನಡೆಯಬೇಕೆನ್ನುತ್ತದೆ. ಸೇತುವೆಯ ಕೂಡುರಸ್ತೆಗೆ ಹೊಲ ಹೋಗುವುದಾದರೆ 2013ರ ಭೂಸ್ವಾಧೀನದ ಕಾಯಿದೆಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ಸಾಮಾಜಿಕ ಪರಿಣಾಮದ ಅಧ್ಯಯನಕ್ಕೂ ಬಹಿರಂಗ ವಿಚಾರಣೆಗೂ ಅವಕಾಶವುಂಟು. ಹಳ್ಳಿಗಳಲ್ಲಿ ಗ್ರಾಮಸಭೆಯಿದೆ, ಅಲ್ಲಿ ಆಡಿದ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಯಿಸುವವರೆಗೆ ಎದ್ದು ಹೋಗಬಾರದು.

ಇದಕ್ಕೆ ಕೆಲವರು ಆಕ್ಷೇಪಣೆ ಹೇಳುವುದುಂಟು. ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸವೇ ಆಗದು, ಅಷ್ಟರಲ್ಲಿ ಹಳೆಯ ಸೇತುವೆ ಬಿದ್ದರೆ ಹೊಣೆ ಯಾರು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಹಾರಾಷ್ಟ್ರದ ಮಹಾಡಿನ ಬಳಿ ಸಾವಿತ್ರೀ ನದಿಯ ಹಳೆಯ ಸೇತುವೆಯು 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಕೊಚ್ಚಿಹೋಗಿ, ಬಸ್ಸುಗಳ ಸಹಿತ ಜನರು ನೀರುಪಾಲಾದರು. ಹೊಸ ಸೇತುವೆಯನ್ನು ಮರುವರ್ಷದ ಮಳೆಗಾಲದ ಹೊತ್ತಿಗೆ ಕಟ್ಟಿ ತೆರೆದರು. ಅಪಾಯವು ಕಣ್ಣೆದುರಿಗೆ ಇರುವಾಗ ಸೇತುವೆಯನ್ನು ಆ ಕ್ಷಣವೇ ಮುಚ್ಚತಕ್ಕದ್ದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಮುಚ್ಚುವುದು ಬೇರೆ, ಮುಂದೇನು ಕಟ್ಟಬೇಕೆಂದು ಗೊತ್ತುಮಾಡುವುದು ಬೇರೆ. ಸೇತುವೆಯು ಒಂದೇ ರಾತ್ರಿಯಲ್ಲಿ ಮುದಿಯಾಗುವುದಿಲ್ಲವಷ್ಟೆ. ವರ್ಷವರ್ಷವೂ ಪರೀಕ್ಷಿಸಿ ತಿಳಿಸುತ್ತ ಬಂದರೆ ಕೇಳುವುದಕ್ಕೂ ಕಾಲವಿರುತ್ತದೆ, ಕಟ್ಟುವುದಕ್ಕೂ ಕಾಲವಿರುತ್ತದೆ. ಇನ್ನು ಕೆಲವರು ಹಳ್ಳಿಯವರಿಗೆ ಏನು ತಿಳಿದೀತು ಎನ್ನುತ್ತಾರೆ. ತೊಲೆಯ ದಪ್ಪವೆಷ್ಟಿರಬೇಕೆಂದು ಹಳ್ಳಿಯವರನ್ನು ಯಾರೂ ಕೇಳಬೇಕಾಗಿಲ್ಲ. ನೀರು ಎಲ್ಲಿಯವರೆಗೆ ಬರುವುದು, ಮಕ್ಕಳು ಎಲ್ಲಿ ದಾಟುವರು ಎಂದು ಕೇಳಿದರೆ ಸಾಕು.

ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ವಿಶೇಷವಾದ ಒಂದು ಮಾತು. ಇಂಥ ಸಭೆಗಳಲ್ಲಿ ಹೆಂಗಸರ ಸಾಲು ಖಾಲಿಯಾಗಿರುವುದೇ ಹೆಚ್ಚು. ಸಭೆಯ ಹೊತ್ತು ಅಡಿಗೆಯ ಹೊತ್ತಾಗಿರುತ್ತದೆ, ಇಲ್ಲವೆ ಹಾಲು ಕರೆಯುವ ಹೊತ್ತು. ಬಂದವರೂ ಹಿಂದೆ ನಿಂತು ಕೇಳಿ ಹೋಗುತ್ತಾರೆ. ಕೆಲಸ ನಡೆಯುವ ಎರಡು ಮೂರು ವರ್ಷ ತಾತ್ಕಾಲಿಕ ದಾರಿಯು ಮಳೆಗಾಲದಲ್ಲಿಯೂ ನಿಲ್ಲುವುದೆ, ಅದರ ಬದಿಯಲ್ಲಿ ನಡೆಯುವವರಿಗೆ ಸ್ಥಳವುಂಟೆ, ಸಂಜೆ ದೀಪವುಂಟೆ, ಶಾಲೆಯ ಹೊತ್ತಿಗೆ ಬಸ್ಸು ಬರುವುದೆ ಎಂಬ ಪ್ರಶ್ನೆಗಳನ್ನು ತಾಯಂದಿರು ಕೇಳದಿದ್ದರೆ ಬೇರೆ ಯಾರು ಕೇಳುವರು? ನೀವು ಓದಿದವರು. ನಕ್ಷೆಯನ್ನು ನೋಡಬಲ್ಲಿರಿ, ಅರ್ಜಿಯನ್ನು ಬರೆಯಬಲ್ಲಿರಿ, ನೆರೆಮನೆಯಾಕೆಗೆ ಓದಿ ಹೇಳಬಲ್ಲಿರಿ. ಕೂಗಾಡಬೇಕಾಗಿಲ್ಲ, ಸಮಾಧಾನದಿಂದ ಕೇಳಿ, ಉತ್ತರವನ್ನು ಬರೆದುಕೊಳ್ಳಿ, ಉತ್ತರ ಬಾರದಿದ್ದರೆ ಮತ್ತೆ ಕೇಳಿ.

ವೇದಪಾಠದ ತರಗತಿಯಲ್ಲಿ ನೆಹೆಮೀಯನ ಕತೆಯನ್ನು ನೀವೆಲ್ಲರೂ ಓದಿದ್ದೀರಿ. ಯೆರೂಸಲೇಮಿಗೆ ಬಂದ ಆತನು ಮೊದಲು ರಾತ್ರಿಯಲ್ಲಿ ಹೊರಟು ಕೆಡವಲ್ಪಟ್ಟ ಗೋಡೆಯನ್ನು ಕಣ್ಣಾರೆ ಪರೀಕ್ಷಿಸಿದನು. ಆಮೇಲೆ ಜನರನ್ನು ಕರೆದು ಇದ್ದ ಸ್ಥಿತಿಯನ್ನು ಮುಚ್ಚದೆ ಹೇಳಿದನು. ಜನರು ತಮ್ಮ ತಮ್ಮ ಮನೆಗಳ ಎದುರಿನ ಭಾಗವನ್ನು ತಾವೇ ಕಟ್ಟಿದರು. ಗೋಡೆಯು 52 ದಿನಗಳಲ್ಲಿ ಮುಗಿಯಿತು. ಕಟ್ಟಿದವರ ಪಟ್ಟಿಯಲ್ಲಿ ಶಲ್ಲೂಮನೆಂಬವನ ಹೆಣ್ಣುಮಕ್ಕಳೂ ಸೇರಿದ್ದಾರೆಂಬುದನ್ನು ಮರೆಯಬೇಡಿ. ಪೌಲನೂ ಸಹ ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯದೆ, ಸಭೆಗಳವರು ಆರಿಸಿದ ಸಹೋದರರನ್ನು ಜತೆಗೆ ಕರೆದುಕೊಂಡನು. ಆತನ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂದೇಹವಿತ್ತೆಂದಲ್ಲ. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಲೆಕ್ಕವು ಚೊಕ್ಕವಾಗಿ ಕಾಣಬೇಕೆಂದು ಆತನು ಬಗೆದನು. ಲೆಕ್ಕ ಕೇಳುವುದು ಅಪನಂಬಿಕೆಯ ಗುರುತೆಂದು ಅಧಿಕಾರಿಗಳೂ ಭಾವಿಸಬಾರದು, ಕೇಳುವವರೂ ಭಾವಿಸಬಾರದು.

ಪಾಠದ ಕೊನೆಯಲ್ಲಿ ಅಭ್ಯಾಸವಿರಬೇಕಷ್ಟೆ. ನಿಮ್ಮ ಊರಿನ ಸೇತುವೆಯನ್ನು ಕುರಿತು ಈ ಐದು ಪ್ರಶ್ನೆಗಳಿಗೆ ಮನೆಯವರೆಲ್ಲ ಕೂಡಿ ಉತ್ತರವನ್ನು ಹುಡುಕಿರಿ.

1. ಅದನ್ನು ಕಟ್ಟಿದ್ದು ಯಾವ ವರ್ಷ? ಎಷ್ಟು ಭಾರಕ್ಕೆಂದು ಕಟ್ಟಿದರು?
2. ಕಡೆಯ ಬಾರಿ ಅದನ್ನು ಪರೀಕ್ಷಿಸಿದವರು ಯಾರು? ಅವರ ವರದಿಯು ಎಲ್ಲಿದೆ?
3. ಅದು ಒಂದು ವರ್ಷ ಮುಚ್ಚಿದರೆ ನಿಮ್ಮ ಮಗಳು ಶಾಲೆಗೆ ಯಾವ ದಾರಿಯಿಂದ ಬರುವಳು?
4. ಹೊಸದು ಬೇಕಾದರೆ ಯಾವ ಸ್ಥಳ ಒಳ್ಳೆಯದು? ಆ ಸ್ಥಳದಿಂದ ನಷ್ಟಪಡುವವರು ಯಾರು? ಅವರನ್ನು ಕೇಳಿದವರುಂಟೆ?
5. ಈ ಉತ್ತರಗಳು ದೊರೆಯದಿದ್ದರೆ ಅರ್ಜಿಯನ್ನು ಯಾವ ಕಚೇರಿಗೆ, ಯಾರ ಹೆಸರಿಗೆ ಬರೆಯಬೇಕು?

ಮೂರನೆಯ ಪ್ರಶ್ನೆಗೆ ಉತ್ತರವು ದೊರೆಯದಿದ್ದರೆ ಐದನೆಯದನ್ನು ನಾಳೆಗೆ ಬಿಡಬೇಡಿರಿ.